ತಾರಸಿಯಿಂದ ಕಂಡ ಅಂಗಾರಕ

(ಸಂಘದ ದತ್ತಿ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ನೀವು ಪಂಪನ ಬಗ್ಗೆ, ವಚನಕಾರರ ಬಗ್ಗೆ, ಗಡಿನಾಡಿನ ಬವಣೆಯ ಬಗ್ಗೆ ವಿದ್ವತ್ಪೂರ್ಣ ಉಪನ್ಯಾಸಗಳನ್ನು ಕೇಳಿದ್ದೀರಿ. ನಾನು ವಿದ್ವಾಂಸನಲ್ಲ. 1962ರಲ್ಲಿ, ಹದಿಮೂರರ ಪ್ರಾಯದಲ್ಲಿ, ಕುಂದಾಪುರದ ಕಡೆಯಿಂದ ಈ ಊರಿಗೆ ಬಂದು, ಕೋಟೆ ವಿಭಾಗದ ಹೋಟೆಲೊಂದರಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ವಿಕ್ರೋಲಿಯ ಒಂದು ಕಾರ್ಖಾನೆಯಲ್ಲಿ ನಕಾಶೆ ಬಿಡಿಸುವ ಕೆಲಸ ಮಾಡಿ ನಿವೃತ್ತನಾದವನು. ಆಕಾಶ ನೋಡುವುದು ನನ್ನ ಹವ್ಯಾಸ. ಆ ಹವ್ಯಾಸದ ಬಗ್ಗೆ ಎರಡು ಮಾತು ಆಡಬೇಕೆಂದು ಸಂಘದವರು ಕೇಳಿದಾಗ ಮೊದಲು ಹಿಂಜರಿದೆ. ಆಮೇಲೆ, ನನಗೂ ಈ ಸಭೆಗೂ ಸಂಬಂಧಪಟ್ಟ ಒಂದು ಹಳೆಯ ಲೆಕ್ಕ ಬಾಕಿಯಿದೆಯೆಂದು ನೆನಪಾಗಿ ಒಪ್ಪಿಕೊಂಡೆ. ಆ ಲೆಕ್ಕವನ್ನು ಕೊನೆಯಲ್ಲಿ ಒಪ್ಪಿಸುತ್ತೇನೆ.

ಸಂಕಷ್ಟ ಚತುರ್ಥಿ ಮಂಗಳವಾರ ಬಂದರೆ ಅದು ಅಂಗಾರಕಿ. ಆ ದಿನ ಪ್ರಭಾದೇವಿಯ ಸಿದ್ಧಿವಿನಾಯಕನ ಗುಡಿಯ ಮುಂದಿನ ಸಾಲು ಎಷ್ಟುದ್ದ ಬೆಳೆಯುತ್ತದೆಂಬುದನ್ನು ಮುಂಬಯಿವಾಸಿಗಳಿಗೆ ಹೇಳಬೇಕಾಗಿಲ್ಲ. ಅಲ್ಲಿಂದ ವರಳಿಯ ಕಡೆಗೆ ಸ್ವಲ್ಪ ದೂರ ನಡೆದರೆ 1977ರಲ್ಲಿ ತೆರೆದ ನೆಹರು ತಾರಾಲಯದ ಗುಮ್ಮಟ ಕಾಣುತ್ತದೆ. ಅಲ್ಲಿಯೂ ಅಂಗಾರಕನೇ, ಇಲ್ಲಿಯೂ ಅಂಗಾರಕನೇ. ಒಂದೆಡೆ ಅವನ ಹೆಸರಿನ ದಿನ ಭಕ್ತಿ, ಇನ್ನೊಂದೆಡೆ ಅವನ ಗಾತ್ರ, ದೂರ, ಚಲನೆಗಳ ಲೆಕ್ಕ. ನನ್ನ ತಕರಾರು ಭಕ್ತಿಯ ಬಗ್ಗೆ ಅಲ್ಲ. ಅವನ ಮೇಲೆ ನಾವು ಹೊರಿಸಿದ ಒಂದು ಆರೋಪದ ಬಗ್ಗೆ.

1965ರಲ್ಲಿ ನನ್ನ ಅಕ್ಕನಿಗೆ ಇಪ್ಪತ್ತೊಂದು ವರ್ಷ. ಒಳ್ಳೆಯ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗನ ಮನೆಯವರು ಒಪ್ಪಿದ್ದರು. ಜಾತಕ ನೋಡಿದವರು ಎಂಟನೆಯ ಮನೆಯಲ್ಲಿ ಕುಜನಿದ್ದಾನೆ, ಗಂಡನಿಗೆ ಆಗದು ಎಂದರು. ಆ ಸಂಬಂಧ ತಪ್ಪಿತು. ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಬೇರೆ ಸಂಬಂಧಗಳೂ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಡೊಂಬಿವಲಿಯ ನಮ್ಮ ಮನೆಗೆ ಬಂದು ನನ್ನ ಮಕ್ಕಳನ್ನು ಬೆಳೆಸಿದಳು. ಈ ಮಾತನ್ನು ಸಭೆಯಲ್ಲಿ ಹೇಳಲು ಅವಳ ಒಪ್ಪಿಗೆ ಪಡೆದೇ ಬಂದಿದ್ದೇನೆ.

ಬಹಳ ವರ್ಷಗಳ ಮೇಲೆ ನನಗೊಂದು ಸಂಗತಿ ತಿಳಿಯಿತು. ಅದೇ 1965ರ ಜುಲೈ ನಡುವಿನಲ್ಲಿ ಮ್ಯಾರಿನರ್ 4 ಎಂಬ ನೌಕೆ ಮಂಗಳನ ಪಕ್ಕದಲ್ಲಿ ಹಾದುಹೋಗುತ್ತ 22 ಚಿತ್ರಗಳನ್ನು ತೆಗೆದಿತ್ತು. ಮನುಷ್ಯ ಆ ಗ್ರಹವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಚಿತ್ರಗಳಲ್ಲಿ ಕಂಡದ್ದು ಕಲ್ಲು, ಮಣ್ಣು, ಕುಳಿಗಳು. ಯಾರ ಗಂಡನ ಆಯುಷ್ಯವನ್ನೂ ಕಸಿಯುವಂಥದು ಅಲ್ಲೇನೂ ಇರಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಅವನ ಮೇಲೆ ವಿಚಾರಣೆ ನಡೆದ ವರ್ಷದಲ್ಲೇ ಅವನ ನಿಜಮುಖ ಬಯಲಾಗಿತ್ತು. ಸುದ್ದಿ ಜಗಲಿಗೆ ತಲುಪಲಿಲ್ಲ, ಅಷ್ಟೇ.

ಇನ್ನು ವಿಷಯಕ್ಕೆ ಬರುತ್ತೇನೆ. ನೌಕೆಯಿಲ್ಲದೆ, ಭೂಮಿಯ ಮೇಲೆಯೇ ನಿಂತು ಈ ಕಲ್ಲಿನ ಗ್ರಹದ ನೆಲವನ್ನು ಚಿತ್ರಿಸುವುದು ಸಾಧ್ಯವೇ? ಸಾಧ್ಯ. ಆದರೆ ಅದಕ್ಕೆ ಮೂರು ಅಡ್ಡಿಗಳಿವೆ: ದೂರ, ಗಾಳಿ, ಮತ್ತು ನಮ್ಮ ಮನಸ್ಸು.

ಮೊದಲನೆಯದು ದೂರ. ಸುಮಾರು 780 ದಿನಗಳಿಗೊಮ್ಮೆ, ಎಂದರೆ ಎರಡು ವರ್ಷ ಎರಡು ತಿಂಗಳಿಗೊಮ್ಮೆ, ಸೂರ್ಯ, ಭೂಮಿ, ಮಂಗಳ ಒಂದೇ ಸಾಲಿಗೆ ಬರುತ್ತವೆ. ಇದಕ್ಕೆ ವಿಯುತಿ ಎಂದು ಹೆಸರು. ಆಗ ಮಂಗಳ ಇಡೀ ರಾತ್ರಿ ಕಾಣುತ್ತಾನೆ, ಹತ್ತಿರವೂ ಇರುತ್ತಾನೆ. ಆದರೆ ಅವನ ಕಕ್ಷೆ ದುಂಡಗಿಲ್ಲ. ಒಮ್ಮೆ 10 ಕೋಟಿ ಕಿಲೋಮೀಟರಿನಷ್ಟು ದೂರದಲ್ಲಿ, ಒಮ್ಮೆ 5 ಕೋಟಿ 60 ಲಕ್ಷಕ್ಕಿಂತ ಹತ್ತಿರದಲ್ಲಿ ಈ ವಿಯುತಿ ಸಂಭವಿಸಬಹುದು. ಹದಿನೈದರಿಂದ ಹದಿನೇಳು ವರ್ಷಗಳಿಗೊಮ್ಮೆ ಬರುವ ಅತಿ ಸಮೀಪದ ವಿಯುತಿಗಳೆಲ್ಲ ಆಗಸ್ಟಿನ ಆಸುಪಾಸಿನಲ್ಲೇ ಬೀಳುತ್ತವೆ. ಮಂಗಳನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದುವಿನ ನೇರಕ್ಕೆ ಭೂಮಿ ಬರುವುದು ಆ ತಿಂಗಳ ಕೊನೆಯಲ್ಲಿ. ಮುಂಬಯಿಯವರ ದುರದೃಷ್ಟ ನೋಡಿ, ಅದು ನಮ್ಮ ಮಳೆಗಾಲ.

2003ರ ಆಗಸ್ಟ್ 27ರಂದು ಮಂಗಳ 5 ಕೋಟಿ 57 ಲಕ್ಷ ಕಿಲೋಮೀಟರಿಗೆ ಬಂದ. ಹತ್ತಿರಹತ್ತಿರ ಅರುವತ್ತು ಸಾವಿರ ವರ್ಷಗಳಲ್ಲಿ ಅಷ್ಟು ಸಮೀಪ ಬಂದಿರಲಿಲ್ಲ. ನಾನು ಡೊಂಬಿವಲಿಯ ತಾರಸಿಯಲ್ಲಿ ಕೊಡೆ ಹಿಡಿದು ನಿಂತಿದ್ದೆ. ಆ ವರ್ಷದಿಂದ ಮೊದಲ್ಗೊಂಡು, ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತಾನೆಂಬ ಸುಳ್ಳು ಪ್ರತಿ ಆಗಸ್ಟಿನಲ್ಲಿ ಊರೂರು ಸುತ್ತುತ್ತಿದೆ. ನಮ್ಮ ಪಂಚಾಂಗದ ಅಳತೆಯಲ್ಲೇ ಹೇಳುವುದಾದರೆ, ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಚಂದ್ರಬಿಂಬ ಸುಮಾರು 1,800 ವಿಕಲೆ. ಮಂಗಳ ಅತಿ ಸಮೀಪದಲ್ಲಿದ್ದಾಗಲೂ 25 ವಿಕಲೆ. ಎಪ್ಪತ್ತೈದು ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಮಾತ್ರ ಬರಿಗಣ್ಣಿನ ಚಂದ್ರನಷ್ಟು ಕಂಡಾನು.

ಎರಡನೆಯ ಅಡ್ಡಿ ಗಾಳಿ. ಹೋಟೆಲಿನಲ್ಲಿದ್ದಾಗ ದೋಸೆ ಕಾವಲಿಯ ಆಚೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ರಜೆಯ ದಿನಗಳನ್ನು ಎಣಿಸುವುದು ನನ್ನ ಅಭ್ಯಾಸವಾಗಿತ್ತು. ಕಾವಲಿಯ ಬಿಸಿಗೆ ಅಂಕಿಗಳೆಲ್ಲ ಕುಣಿಯುತ್ತಿದ್ದವು. ಒಂದು ಕ್ಷಣ ಬಿಸಿ ಅಡಗಿದಾಗ ಅಂಕಿ ಸ್ಪಷ್ಟವಾಗುತ್ತಿತ್ತು, ಮತ್ತೆ ಕುಣಿಯುತ್ತಿತ್ತು. ನಮ್ಮ ಮೇಲಿನ ವಾತಾವರಣವೆಲ್ಲ ಅಂಥದೇ ಕಾವಲಿಯ ಗಾಳಿ. ಎಷ್ಟು ದೊಡ್ಡ ದೂರದರ್ಶಕವಿದ್ದರೂ ಈ ಕುಣಿತ ಒಂದೆರಡು ವಿಕಲೆಯಷ್ಟು ಬಿಂಬವನ್ನು ಕಲಸಿಬಿಡುತ್ತದೆ.

ಮೂರನೆಯದು ಮನಸ್ಸು. 1877ರಲ್ಲಿ ಇಟಲಿಯ ಮಿಲಾನಿನಲ್ಲಿ ಸ್ಕಿಯಪರೆಲಿ ಎಂಬ ಖಗೋಳಜ್ಞ ಮಂಗಳನ ಮೇಲೆ ಗೆರೆಗಳನ್ನು ಕಂಡು ‘ಕನಾಲಿ’ ಎಂದು ಬರೆದ. ಅವನ ಭಾಷೆಯಲ್ಲಿ ಆ ಪದಕ್ಕೆ ತಾನಾಗಿ ಹರಿದ ತೊರೆಯೆಂದೂ ಅರ್ಥ, ತೋಡಿದ ಕಾಲುವೆಯೆಂದೂ ಅರ್ಥ. ಇಂಗ್ಲಿಷಿಗೆ ತಂದವರು ಕಾಲುವೆಯನ್ನೇ ಆರಿಸಿದರು. ಕಾಲುವೆಯಿದ್ದರೆ ತೋಡಿದವರೂ ಇರಬೇಕಲ್ಲವೇ? ಅಮೆರಿಕದ ಪರ್ಸಿವಲ್ ಲೋವೆಲ್ 1894ರಲ್ಲಿ ಅದಕ್ಕಾಗಿಯೇ ಒಂದು ವೀಕ್ಷಣಾಲಯ ಕಟ್ಟಿಸಿ, ಬತ್ತುತ್ತಿರುವ ಲೋಕವೊಂದರ ನೀರಾವರಿ ನಕ್ಷೆಗಳನ್ನೇ ಬಿಡಿಸಿದ. 1909ರಲ್ಲಿ ಆಂಟೋನಿಯಾಡಿ ಎಂಬಾತ ಪ್ಯಾರಿಸ್ ಬಳಿಯ ಮ್ಯೂಡಾನಿನ 83 ಸೆಂಟಿಮೀಟರ್ ದೂರದರ್ಶಕದಲ್ಲಿ, ಗಾಳಿ ಸ್ತಬ್ಧವಾದ ಕ್ಷಣಗಳಲ್ಲಿ ನೋಡಿದಾಗ, ಗೆರೆಗಳು ಒಡೆದು ಚದುರಿದ ಕಲೆಗಳಾಗಿ ಕಂಡವು. ಬಿಡಿಬಿಡಿ ಚುಕ್ಕೆಗಳನ್ನು ಗೆರೆಯಾಗಿ ಜೋಡಿಸಿದ್ದು ನೋಡುವವನ ಕಣ್ಣು ಮತ್ತು ಆಸೆ. ಬುಧನ ವಿಷಯದಲ್ಲೂ ಹಾಗೆಯೇ ಆಯಿತು. ಬುಧ ತನ್ನ ಸುತ್ತ ತಿರುಗಲು 88 ದಿನ ಬೇಕೆಂದು ಇದೇ ಸ್ಕಿಯಪರೆಲಿ ಹೇಳಿದ್ದನ್ನು ಎಪ್ಪತ್ತು ವರ್ಷಕ್ಕೂ ಮಿಕ್ಕಿ ಜಗತ್ತು ನಂಬಿತ್ತು. 1965ರಲ್ಲಿ ರೇಡಾರ್ ಅದನ್ನು ಸುಮಾರು 59 ದಿನವೆಂದು ತಿದ್ದಿತು.

ಈ ಶಾಸ್ತ್ರಕ್ಕೂ ನಮ್ಮ ಊರಿಗೂ ಇರುವ ನಂಟನ್ನು ಹೇಳದಿದ್ದರೆ ತಪ್ಪಾದೀತು. ಕೊಲಾಬಾದಲ್ಲಿ 1826ರಷ್ಟು ಹಿಂದೆಯೇ ವೀಕ್ಷಣಾಲಯವಿತ್ತು. ಅಲ್ಲಿ ಭೂಮಿಯ ಕಾಂತತ್ವವನ್ನು ಅಳೆಯುತ್ತಿದ್ದರು. ವಿದ್ಯುತ್ ಟ್ರಾಮ್ ಬರುತ್ತದೆ, ಉಪಕರಣಗಳು ಕೆಡುತ್ತವೆ ಎಂದಾಗ 1904ರಲ್ಲಿ ಆ ಕೆಲಸ ಅಲಿಬಾಗಿಗೆ ಹೋಯಿತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಅಲ್ಲೇ ಪಾಠ ಹೇಳಿದ ಕಾವಸ್ಜಿ ದಾದಾಭಾಯಿ ನಾಯೇಗಾಮ್‌ವಾಲಾ ಎಂಬ ಪಾರ್ಸಿ ವಿದ್ವಾಂಸರು 1882ರಲ್ಲಿ ಭಾವನಗರದ ಮಹಾರಾಜ ತಖ್ತಸಿಂಗಜಿಯವರಿಂದ ಐದು ಸಾವಿರ ರೂಪಾಯಿ ಪಡೆದರು. ಮುಂಬಯಿ ಸರಕಾರ ಅಷ್ಟೇ ಮೊತ್ತ ಕೂಡಿಸಿತು. 1888ರಲ್ಲಿ ಪುಣೆಯಲ್ಲಿ 20 ಅಂಗುಲದ ದೂರದರ್ಶಕ ನಿಂತಿತು. ಆಗ ಭಾರತದಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೆಲ್ಲ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆದ್ದರಿಂದ ಆ ಸರಕಾರಿ ಹಣದಲ್ಲಿ ಕನ್ನಡ ರೈತನ ಕಂದಾಯದ ಪಾಲೂ ಇತ್ತೆನ್ನಬೇಕು. 1912ರಲ್ಲಿ ಆ ವೀಕ್ಷಣಾಲಯ ಮುಚ್ಚಿ, ಉಪಕರಣಗಳು ಕೊಡೈಕಾನಲ್ಲಿಗೆ ಹೋದವು. ಮನುಷ್ಯರಂತೆ ದೂರದರ್ಶಕಗಳೂ ವಲಸೆ ಹೋಗುತ್ತವೆ.

ನಗರ ಬೆಳೆದಂತೆ ಆಕಾಶ ದೂರ ಸರಿಯಿತು. ನಕ್ಷತ್ರ ನೋಡಬೇಕಾದವರು ಇಂದು ಕರ್ಜತ್ ಗಾಡಿ ಹಿಡಿದು ವಾಂಗಣಿಗೆ ಹೋಗಬೇಕು. ಆದರೆ ಗ್ರಹಗಳಿಗೆ ಆ ಮಾತು ಅನ್ವಯಿಸದು. ಮಂಗಳ ಎಷ್ಟು ಉಜ್ವಲನೆಂದರೆ ಬೀದಿದೀಪ ಅವನನ್ನು ಮರೆಮಾಡಲಾರದು. ಮುಂಬಯಿಯ ಅಕ್ಷಾಂಶವೂ ಅನುಕೂಲವೇ. ಯುರೋಪಿನವರಿಗೆ ದಿಗಂತದ ಬಳಿ ತೆವಳುವ ಗ್ರಹ ನಮಗೆ ಎತ್ತರದಲ್ಲಿ, ತೆಳುವಾದ ಗಾಳಿಯ ಮೂಲಕ ಕಾಣುತ್ತದೆ. ಹಾಗಾಗಿ ನಗರದಲ್ಲೇ ಕುಳಿತು ಮಾಡಬಹುದಾದ ಖಗೋಳಶಾಸ್ತ್ರವೆಂದರೆ ಇದು.

ನಾವು ನಾಲ್ವರು ಗೆಳೆಯರು ಸೇರಿ ಎಂಟು ಅಂಗುಲದ ಒಂದು ದರ್ಪಣವನ್ನು ಕೈಯಾರೆ ಉಜ್ಜಿ ಮಾಡಿದೆವು. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ತಿಂಗಳುಗಟ್ಟಲೆ ಭಾನುವಾರಗಳಂದು ಉಜ್ಜಿದರೆ, ಮೇಲಿನ ಗಾಜು ತಾನಾಗಿ ತಗ್ಗಾಗುತ್ತದೆ. ಆ ತಗ್ಗಿನ ಆಳ ಎರಡು ಮಿಲಿಮೀಟರಿಗಿಂತ ಕಡಿಮೆ. ಆದರೆ ಅದರ ಮೇಲ್ಮೈಯ ತಪ್ಪು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲನ್ನು ಮೀರಬಾರದು. ಕಾರ್ಖಾನೆಯಲ್ಲಿ ನೂರರಲ್ಲೊಂದು ಪಾಲಿನ ತಪ್ಪಿಗೆ ಬೈಸಿಕೊಂಡವನು ನಾನು. ಇಲ್ಲಿ ಅದಕ್ಕಿಂತ ನೂರು ಪಟ್ಟು ಸೂಕ್ಷ್ಮ ಬೇಕು. ಅದನ್ನು ಪರೀಕ್ಷಿಸುವ ಸಾಧನವಾದರೋ ಒಂದು ಚಿಕ್ಕ ದೀಪ ಮತ್ತು ಕ್ಷೌರದ ಬ್ಲೇಡು.

ಎಂಟು ಅಂಗುಲದ ದರ್ಪಣ ತತ್ತ್ವತಃ ಅರ್ಧ ವಿಕಲೆಗಿಂತ ತುಸು ಹೆಚ್ಚಿನ ಅಂತರವನ್ನು ಬಿಡಿಸಿ ತೋರಿಸಬಲ್ಲದು. 2020ರ ಅಕ್ಟೋಬರಿನಲ್ಲಿ ಮಂಗಳ 22 ವಿಕಲೆಗೂ ಮಿಕ್ಕಿ ತೋರುತ್ತಿದ್ದಾಗ, ಅದು ಅವನ ನೆಲದ ಮೇಲೆ ಸುಮಾರು 175 ಕಿಲೋಮೀಟರ್. ಎಂದರೆ, ಮುಂಬಯಿ ಮತ್ತು ನಾಸಿಕ ಮಂಗಳನ ಮೇಲಿದ್ದರೆ, ಅವೆರಡೂ ಬೇರೆಬೇರೆ ಊರುಗಳೆಂದು ನಮಗೆ ತಿಳಿಯುತ್ತಿರಲಿಲ್ಲ.

ಇನ್ನು ಗಾಳಿಯನ್ನು ಗೆಲ್ಲುವ ಉಪಾಯ. ಗುಂಪು ಫೋಟೋ ತೆಗೆಯುವವನು ಹತ್ತು ಸಲ ಕ್ಲಿಕ್ ಮಾಡಿ, ಎಲ್ಲರೂ ಕಣ್ಣು ತೆರೆದಿರುವುದನ್ನು ಆರಿಸಿಕೊಳ್ಳುತ್ತಾನಲ್ಲವೇ? ಹಾಗೆಯೇ ಕ್ಯಾಮರಾದಲ್ಲಿ ಕೆಲವೇ ನಿಮಿಷಗಳಲ್ಲಿ ಸಾವಿರಾರು ಚಿತ್ರಗಳನ್ನು ಹಿಡಿದು, ಗಾಳಿ ಸ್ತಬ್ಧವಾಗಿದ್ದ ಕ್ಷಣದವುಗಳನ್ನು ಮಾತ್ರ ಗಣಕಯಂತ್ರದಿಂದ ಆಯ್ದು, ಒಂದರ ಮೇಲೊಂದು ಪೇರಿಸುವುದು. ಮೂರು ನಾಲ್ಕು ನಿಮಿಷ ಮೀರುವುದು ಕ್ಷೇಮವಲ್ಲ, ಗ್ರಹ ತಿರುಗುತ್ತಿರುತ್ತದೆ. ಈ ಉಪಾಯದ ಬಲ ದೊಡ್ಡದು. 1974 ಮತ್ತು 75ರಲ್ಲಿ ಮ್ಯಾರಿನರ್ 10 ನೌಕೆ ಬುಧನ ಅರ್ಧಕ್ಕೂ ಕಡಿಮೆ ಭಾಗವನ್ನು ಚಿತ್ರಿಸಿತ್ತು. ಉಳಿದ ಭಾಗದ ನೆಲವನ್ನು 1998ರ ಆಗಸ್ಟ್ 29ರಂದು ಅಮೆರಿಕದ ಮೌಂಟ್ ವಿಲ್ಸನ್ನಿನ 60 ಅಂಗುಲದ ಹಳೆಯ ದೂರದರ್ಶಕದಿಂದ ಹೀಗೆಯೇ ಹಿಡಿದರು. ಲಕ್ಷಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಉಳಿಸಿಕೊಂಡದ್ದು ಕೆಲವನ್ನು ಮಾತ್ರ. ನೌಕೆ ಕಾಣದ್ದನ್ನು ನೆಲದ ಮೇಲಿನವರು ತಾಳ್ಮೆಯಿಂದ ಕಂಡರು.

ನಮ್ಮ ತಾರಸಿಯ ಕಾಂಕ್ರೀಟು ಹಗಲಿಡೀ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೆ ಉಗುಳುತ್ತದೆ. ಅದು ತಣಿಯುವ ತನಕ ಕಾಯಬೇಕು. ನೆರೆಯ ಕಟ್ಟಡದ ಏರ್‌ಕಂಡಿಶನರುಗಳ ಬಿಸಿಯುಸಿರನ್ನು ತಪ್ಪಿಸಿ ದೂರದರ್ಶಕವಿಡಬೇಕು. 2018ರ ಜುಲೈಯ ವಿಯುತಿಯಲ್ಲಿ ನಮ್ಮಲ್ಲಿ ಮಳೆ, ಅಲ್ಲಿ ಇಡೀ ಗ್ರಹವನ್ನು ಮುಚ್ಚಿದ ಧೂಳುಮಾರುತ. ಮೋಡದ ಬಿರುಕಿನಲ್ಲಿ ಕಂಡದ್ದೂ ಒಂದು ಕಿತ್ತಳೆ ಬಣ್ಣದ ಬರಿಯ ಬಿಲ್ಲೆ. ನಮ್ಮ ಮಳೆಗಾಲವೂ ಅವನ ಧೂಳುಗಾಲವೂ ಮಾತಾಡಿಕೊಂಡು ಬಂದಂತಿತ್ತು. 2020ರ ವಿಯುತಿ ಮಾತ್ರ ಅಕ್ಟೋಬರ್ 13ಕ್ಕೆ. ಮಹಾಮಾರಿಯ ಕಾಲ. ಲೋಕಲ್ ಗಾಡಿಗಳು ಎಲ್ಲರಿಗೂ ಇರಲಿಲ್ಲ, ಗೆಳೆಯರು ಬರುವಂತಿರಲಿಲ್ಲ. ತಿಂಗಳ ಕೊನೆಯ ವಾರ ಮಳೆ ಹಿಂದೆ ಸರಿದಾಗ ಒಂದು ರಾತ್ರಿ ಗಾಳಿ ನಿಂತಿತು. ಚಿತ್ರ ಹಿಡಿದ ಮೇಲೆ ಕ್ಯಾಮರಾ ಕಳಚಿ, ಕಣ್ಣಿಡುವ ಮಸೂರ ಹಾಕಿ, ಮನೆಗೆ ಹೋಗಿ ಅಕ್ಕನನ್ನು ಎಬ್ಬಿಸಿದೆ.

ಎಪ್ಪತ್ತಾರು ವರ್ಷದವಳು ನನ್ನ ತೋಳು ಹಿಡಿದು ಎರಡು ಮಹಡಿ ಹತ್ತಿದಳು. ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಕಿತ್ತಳೆ ಬಿಂಬ, ನಡುವೆ ಬೂದು ಕಲೆಗಳು, ಅಂಚಿನಲ್ಲಿ ಸಾಸಿವೆಕಾಳಿನಂಥ ಬಿಳಿಯ ಧ್ರುವಹಿಮ. ಕಪ್ಪಾಗಿ ಕಾಣುವುದು ಗಾಳಿ ಧೂಳನ್ನು ಗುಡಿಸಿ ತೋರಿಸಿದ ಕರಿಕಲ್ಲಿನ ನೆಲ, ಕೆಂಪಾಗಿರುವುದು ಕಬ್ಬಿಣದ ತುಕ್ಕು ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಕೊನೆಗೆ ಹೇಳಿದಳು: “ಇಷ್ಟು ದೂರ ಇದ್ದವನು ನನ್ನ ಗುರುತು ಹೇಗೆ ಹಿಡಿದ?”

ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಸೆರಗು ಹೊದ್ದುಕೊಂಡು, “ಚಳಿ, ಕೆಳಗೆ ಹೋಗುವ” ಎಂದಳು.

ಮಿತ್ರರೇ, ಈಗ ಆ ಬಾಕಿ ಲೆಕ್ಕ. ಕುಜದೋಷವನ್ನು ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ನೋಡುವುದು ವಾಡಿಕೆ. ಹನ್ನೆರಡರಲ್ಲಿ ಐದು ಮನೆ. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುವವರಿದ್ದಾರೆ. ಮೂರನ್ನೂ ಹಿಡಿದರೆ, ಸಂಭವನೀಯತೆಯ ಲೆಕ್ಕದಂತೆ ಹೆಚ್ಚುಕಡಿಮೆ ಐವರಲ್ಲಿ ನಾಲ್ವರಿಗೆ ದೋಷ ಬರುತ್ತದೆ. ಈ ಸಭಾಗೃಹದಲ್ಲಿ ಇನ್ನೂರು ಜನರಿದ್ದರೆ ನೂರ ಅರುವತ್ತು ಮಂದಿ ದೋಷಿಗಳು. ಅಷ್ಟು ಜನಕ್ಕೆ ಶಿಕ್ಷೆ ವಿಧಿಸಲಾಗದೆಂದೇ ಪರಿಹಾರಗಳ, ವಿನಾಯಿತಿಗಳ ಪಟ್ಟಿ ಹುಟ್ಟಿತು. ಬಲವಿದ್ದ ಮನೆಗೆ ವಿನಾಯಿತಿ ಸಿಕ್ಕಿತು. ನಮ್ಮಂಥ ಬಡವರ ಮನೆಗೆ ಸಿಗಲಿಲ್ಲ.

ನಮ್ಮ ಸಂಘದ ವಧೂವರ ನೋಂದಣಿ ಪತ್ರದಲ್ಲಿ ‘ಕುಜದೋಷ: ಇದೆ / ಇಲ್ಲ’ ಎಂಬ ಅಂಕಣವಿದೆ. ಆ ಪತ್ರವನ್ನು ಮೊದಲು ಅಚ್ಚು ಹಾಕಿಸಿದ ಉಪಸಮಿತಿಯಲ್ಲಿ ನಾನೂ ಇದ್ದೆ. ಗೆರೆ ಎಳೆದು ಅಂಕಣ ವಿಂಗಡಿಸಿಕೊಟ್ಟದ್ದೂ ನಾನೇ, ಅದು ನನ್ನ ಕಸುಬು. ಮನೆಯಲ್ಲಿ ಅಕ್ಕ ಅನ್ನ ಬಡಿಸುತ್ತಿದ್ದಳು, ನಾನು ಮೇಜಿನ ಮೇಲೆ ಆ ಅಂಕಣದ ಗೆರೆ ಎಳೆಯುತ್ತಿದ್ದೆ. ಲೋವೆಲ್ ಇಲ್ಲದ ಗೆರೆ ಎಳೆದನೆಂದು ನಗುವ ಅಧಿಕಾರ ನನಗಿಲ್ಲ. ಮುಂದಿನ ಸಲ ಆ ಪತ್ರ ಅಚ್ಚಾಗುವಾಗ ಆ ಅಂಕಣವನ್ನು ಕೈಬಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಬೇಡಿಕೊಳ್ಳುತ್ತೇನೆ. ಜಾತಕ ನೋಡುವುದು ಬಿಡುವುದು ಅವರವರ ಮನೆಯ ವಿಚಾರ. ಸಂಘದ ಹೆಸರಿನಲ್ಲಿ ಕೇಳುವುದು ಬೇಡ.

ಇನ್ನೊಂದು ಕೋರಿಕೆ. ಮಂಗಳ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ ದಿನಕ್ಕಿಂತ 37 ನಿಮಿಷಗಳಷ್ಟು ಹೆಚ್ಚು ಹೊತ್ತು ಬೇಕು. ಆದ್ದರಿಂದ ಒಂದೇ ಊರಿನಿಂದ ದಿನಾ ಅದೇ ಹೊತ್ತಿಗೆ ನೋಡಿದರೆ ಹೆಚ್ಚುಕಡಿಮೆ ಅದೇ ಮುಖ ಕಾಣುತ್ತದೆ. ಇಡೀ ಗೋಳ ಕಾಣಲು ಒಂದು ತಿಂಗಳ ಮೇಲೆ ಬೇಕು. ಜಪಾನಿನವನು ಕಂಡ ಮುಖ ಬೇರೆ, ನಮ್ಮದು ಬೇರೆ, ಅಮೆರಿಕದವನದು ಬೇರೆ. ಇದಕ್ಕಾಗಿಯೇ 1969ರಲ್ಲಿ ಲೋವೆಲ್ ವೀಕ್ಷಣಾಲಯ ಹಲವು ರೇಖಾಂಶಗಳ ದೂರದರ್ಶಕಗಳನ್ನು ಕೂಡಿಸಿ ಗ್ರಹಗಳಿಗೆ ಪಹರೆಯಿಟ್ಟಿತು. ಆ ಸರಪಳಿಯಲ್ಲಿ ತಮಿಳುನಾಡಿನ ಕಾವಲೂರೂ ಒಂದು ಕೊಂಡಿಯಾಗಿತ್ತು. ಇಂದು ಆ ಪಹರೆಯ ದೊಡ್ಡ ಪಾಲು ಹವ್ಯಾಸಿಗಳದು. 2012ರಲ್ಲಿ ವೇಯ್ನ್ ಜೇಶ್ಕೆ ಎಂಬ ಅಮೆರಿಕದ ಹವ್ಯಾಸಿ ಮಂಗಳನ ಅಂಚಿನಲ್ಲಿ 200 ಕಿಲೋಮೀಟರಿಗೂ ಎತ್ತರದ ವಿಚಿತ್ರ ಮೋಡವನ್ನು ಗುರುತಿಸಿದರು. 2015ರಲ್ಲಿ ವಿಜ್ಞಾನಿಗಳು ಅದರ ಮೇಲೆ ಪ್ರಬಂಧ ಬರೆದರು. ಒಂದು ಗೋಳವನ್ನು ಪೂರ್ತಿ ಕಾಣಲು ಹೊರನಾಡಿನವರೂ ಬೇಕು ಎಂಬ ಮಾತನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಕನ್ನಡದಲ್ಲಿ ಬರೆದರು. ಜಿ.ಟಿ. ನಾರಾಯಣ ರಾಯರು ದಶಕಗಳ ಕಾಲ ಖಗೋಳವನ್ನು ಕನ್ನಡದಲ್ಲಿ ಹೇಳಿದರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾಯರು ಭಾರತದ ಉಪಗ್ರಹಗಳಿಗೆ ಅಡಿಪಾಯ ಹಾಕಿದರು. 2013ರ ನವೆಂಬರ್ 5ರಂದು ಹೊರಟ ಮಂಗಳಯಾನದ ದನಿಯನ್ನು ಬೆಂಗಳೂರಿನ ಬಳಿಯ ಬ್ಯಾಲಾಳುವಿನ ಆಂಟೆನಾ ಆಲಿಸಿತು. ಹೊರಟ ದಿನ ಮಂಗಳವಾರವೇ ಆಗಿತ್ತು, ಯಾವ ದೋಷವೂ ತಟ್ಟಲಿಲ್ಲ. ಮಂಗಳನ ಚಿಕ್ಕ ಕುಳಿಗಳಿಗೆ ಭೂಮಿಯ ಚಿಕ್ಕ ಊರುಗಳ ಹೆಸರಿಡುವ ಪದ್ಧತಿಯಿದೆ. ಗಡಿಯಾಚೆಯ ಕನ್ನಡಿಗರ ರಾಯದುರ್ಗದ ಹೆಸರಿನ ಕುಳಿಯೂ ಅಲ್ಲಿದೆ. ನಮ್ಮ ದೂರದರ್ಶಕಕ್ಕೆ ಅದು ಕಾಣದು. ಇದೆಯೆಂದು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದು.

ನಮ್ಮ ಎಂಟು ಅಂಗುಲದ ದೂರದರ್ಶಕವನ್ನು ಸಂಘದ ವಾಚನಾಲಯಕ್ಕೆ ಕೊಡಲು ಗೆಳೆಯರು ಒಪ್ಪಿದ್ದಾರೆ. ಪುಸ್ತಕದಂತೆ ಅದನ್ನೂ ಸದಸ್ಯರು ಒಯ್ಯಲಿ. 2035ರ ಸೆಪ್ಟೆಂಬರ್ ನಡುವಿಗೆ ಮಂಗಳ ಮತ್ತೆ 24 ವಿಕಲೆಯ ಆಚೆಗೆ ಬೆಳೆಯುತ್ತಾನೆ. ಮುಂಬಯಿಯಲ್ಲಿ ಆಗಲೂ ಮಳೆಯಿರಬಹುದು, ನಾನು ಇಲ್ಲದಿರಬಹುದು. ಕಾಯುವವರಿದ್ದರೆ ಒಂದು ರಾತ್ರಿ ಮೋಡ ಬಿರಿದೇ ಬಿರಿಯುತ್ತದೆ.

ಮೊಣಕಾಲು ನೋವೆಂದು ಅಕ್ಕ ಇಂದು ಸಭೆಗೆ ಬಂದಿಲ್ಲ. ಸಮಿತಿಯ ಉತ್ತರ ಏನಾಯಿತೆಂದು ಮನೆಯಲ್ಲಿ ಕೇಳುತ್ತಾಳೆ.